ಅತ್ತೆಗಿಟ್ಟ ಹೆಸರು

ದುರೊಸಿನ್ಮಿ ಬೆಳಿಗ್ಗೆ ಎದ್ದವಳು ದೇವರ ಹೆಸರು ಹೇಳುತ್ತಿರಲಿಲ್ಲ, ಸೋದರತ್ತೆಯ ಹೆಸರು ಹೇಳುತ್ತಿದ್ದಳು. ಭಕ್ತಿಯಿಂದ ಅಂದುಕೊಂಡೀರಿ ಮತ್ತೆ! ಮಂಚದ ಪಕ್ಕದ ಡಬ್ಬಿಯಿಂದ ಒಂದು ಕ್ಯಾಪ್ಸೂಲ್ ತೆಗೆದು ನಾಲಿಗೆಯ ಮೇಲಿಟ್ಟುಕೊಂಡು, "ಮೊರೆನಿಕೆ, ನಿನ್ನನ್ನ ಮಣ್ಣಿಗಿಡೋವರೆಗೂ ನಾನು ಸಾಯಲ್ಲ ಕಣೇ" ಎಂದು ಮನಸ್ಸಿನಲ್ಲೇ ಹೇಳಿ, ಗಟಗಟ ನೀರು ಕುಡಿದು ನುಂಗುತ್ತಿದ್ದಳು. ಅವಳಿಗಿದ್ದದ್ದು ಸಿಕಲ್ ಸೆಲ್ ರಕ್ತದ ಕಾಯಿಲೆ. ಅದನ್ನು ಹದ್ದುಬಸ್ತಿನಲ್ಲಿಟ್ಟಿರುವುದು ಹೈಡ್ರಾಕ್ಸಿಯೂರಿಯ ಎಂಬ ಈ ಔಷಧಿ ಎಂದು ಡಾಕ್ಟರು ಹೇಳುತ್ತಿದ್ದರು. ಇರಬಹುದು. ನನ್ನನ್ನು ಕೇಳಿದರೆ ಔಷಧಿಯದು ಅರ್ಧ ಪಾಲು, ಇನ್ನರ್ಧ ಅತ್ತೆಯ ಮೇಲಿನ ಸಿಟ್ಟಿನದು.

ದುರೊಸಿನ್ಮಿ ಎಂದರೆ ನಮ್ಮ ಭಾಷೆಯಲ್ಲಿ 'ನಿಂತು ನನ್ನನ್ನು ಮಣ್ಣು ಮಾಡು' ಎಂದರ್ಥ. ಆ ಹೆಸರಿಟ್ಟವಳೂ ಅತ್ತೆಯೇ. ಅವಳಿಗಿಂತ ಮುಂಚೆ ಅದೇ ತಾಯಿಗೆ ಎರಡು ಕೂಸುಗಳು ಹುಟ್ಟಿ, ಮೈಕೈ ನೋವೆಂದು ಹಗಲಿರುಳು ಅತ್ತು ಅತ್ತು ಸತ್ತಿದ್ದವು. ತಪ್ಪು ರಕ್ತದ್ದು. ಆದರೆ ಮನೆಯವರ ಕಣ್ಣಿಗೆ ಅದು ಅಬಿಕು: ಒಂದೇ ಮಗು ಮತ್ತೆ ಮತ್ತೆ ಹುಟ್ಟಿ, ತಾಯಿಯನ್ನು ಗೋಳುಹೊಯ್ದುಕೊಂಡು, ಆಚೆ ಲೋಕದ ತನ್ನ ಗೆಳೆಯರ ಬಳಿಗೆ ಓಡಿಹೋಗುವುದು. ಮೂರನೆಯದು ಇವಳು. ಇವಳಿಗೂ ನೋವು ಶುರುವಾದದ್ದೇ ತಡ, ಅತ್ತೆ ನಾಟಿ ವೈದ್ಯನನ್ನು ಕರೆಸಿ ಮಗುವಿನ ಎಡಗಿವಿಯ ತುದಿಯನ್ನು ಕೊಯ್ಯಿಸಿದಳು. ಕಿವಿ ಹರಿದ ಮಗುವನ್ನು ಆ ಗೆಳೆಯರು ಸೇರಿಸಿಕೊಳ್ಳುವುದಿಲ್ಲವಂತೆ. ಆಮೇಲೆ ಅದೇ ಮಗುವಿನ ಮುಂದೆ ಮನೆಯ ಹಿರಿಯರೆಲ್ಲ ಕೈಮುಗಿದು, ಹೋಗಬೇಡ ತಾಯೀ ಎಂದು ಬೇಡಿಕೊಂಡು ಈ ಹೆಸರಿಟ್ಟರು. ನಮ್ಮಲ್ಲಿ ಹಿರಿಯರು ಕಿರಿಯರನ್ನು ಬೇಡುವುದು ಅಬಿಕುವಿನ ಮುಂದೆ ಮಾತ್ರ.

ಕಿವಿಯ ವಿಷಯವನ್ನು ದುರೊಸಿನ್ಮಿ ಯಾವತ್ತೋ ಮರೆತುಬಿಟ್ಟಿದ್ದಳು. ಆ ಕಾಲದಲ್ಲಿ ಅವರಿಗಾದರೂ ಏನು ಗೊತ್ತಿತ್ತು, ಪಾಪ. ಮರೆಯಲಾಗದ್ದು ಬೇರೆ ಇತ್ತು.

ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವಳು ಬೆಳೆದದ್ದು ಅತ್ತೆಯ ಮನೆಯಲ್ಲೇ, ದುಡಿದದ್ದು ಇಬಾದಾನ್ ನಗರದ ಬಟ್ಟೆ ಮಾರುಕಟ್ಟೆಯಲ್ಲಿದ್ದ ಅತ್ತೆಯ ಅಂಗಡಿಯಲ್ಲೇ. ಸಂಬಳವೆಂದರೆ ಊಟ, ಬಟ್ಟೆ, ಬೈಗುಳ. ಅಡೆಗೋಕೆ ಎಂಬ ಮೇಷ್ಟರೊಬ್ಬ ಅವಳನ್ನು ಮೆಚ್ಚಿದ. ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಂಡರು. ಅವನ ರಕ್ತದಲ್ಲಿ ಈ ಕಾಯಿಲೆಯ ಸುಳಿವೇ ಇರಲಿಲ್ಲ, ಮಕ್ಕಳಿಗೆ ಅಪಾಯವಿಲ್ಲ ಎಂದು ಚರ್ಚಿನ ಪಾದ್ರಿಯೂ ಒಪ್ಪಿದರು. ಎರಡೂ ಮನೆಯವರು ಮುಖ ನೋಡಿಕೊಳ್ಳುವ ಶಾಸ್ತ್ರದ ದಿನ, ಗಂಡಿನ ಕಡೆಯವರು ಗೆಣಸು, ಹಣ್ಣು, ಜೇನು ತಂದು ಸಾಲಾಗಿ ಕೂತಿದ್ದಾಗ, ಅತ್ತೆ ಎದ್ದು ನಿಂತಳು. ಸೋದರ ಸೊಸೆಯ ಕೈಯನ್ನು ಹಿಡಿದು ಮೇಲಕ್ಕೆತ್ತಿದಳು.

"ಉಗುರು ನೋಡಿ," ಎಂದಳು. "ಕಪ್ಪು ಗೆರೆ ಕಾಣಿಸ್ತಾ? ಈ ಹುಡುಗಿ ತಿನ್ನೋದು ಕ್ಯಾನ್ಸರ್ ಮಾತ್ರೆ. ಡಬ್ಬಿ ಮೇಲೇ ಬರೆದಿದೆ. ನಾನು ಮೋಸ ಮಾಡೋಳಲ್ಲ, ನಾಳೆ ನನ್ನನ್ನ ದೂರಬೇಡಿ."

ಆ ಔಷಧಿ ತಿಂದರೆ ಕೆಲವರ ಉಗುರು ಕಪ್ಪಾಗುವುದು ನಿಜ. ಅದನ್ನು ಕ್ಯಾನ್ಸರಿಗೂ ಕೊಡುವುದು ನಿಜ. ಇವಳಿಗೆ ಕ್ಯಾನ್ಸರ್ ಇಲ್ಲ ಎನ್ನುವುದೂ ಅಷ್ಟೇ ನಿಜ, ಅತ್ತೆಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಹೇಳಿದಳಲ್ಲ, ಅದೇ ಪಾಪ. ಬಿಟ್ಟಿ ಆಳು ಕೈತಪ್ಪಿ ಹೋಗುತ್ತದೆ ಎಂಬ ಹೊಟ್ಟೆಯುರಿ, ಇನ್ನೇನು? ಅಡೆಗೋಕೆಯ ಅಮ್ಮ ಬಾಯಿಗೆ ಹೆಗಲ ವಸ್ತ್ರ ಒತ್ತಿಕೊಂಡು ಎದ್ದಳು. ಗೆಣಸಿನ ಬುಟ್ಟಿಗಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋದವು. ಅಡೆಗೋಕೆ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ, ಅಷ್ಟೇ ಅವನ ಗಂಡಸುತನ.

ಆ ವಾರವೇ ದುರೊಸಿನ್ಮಿ ಅತ್ತೆಯ ಮನೆ ಬಿಟ್ಟಳು. ಮೊಲೆಟೆ ಎಂಬ ಬಡಾವಣೆಯ ಒಂದು ಕೋಣೆಯಲ್ಲಿ ಹೊಟ್ಟೆಪಾಡಿಗೆಂದು ಗೆಲೆ ಕಟ್ಟುವ ಕೆಲಸ ಹಿಡಿದಳು. ಔತಣಕ್ಕೆ ಹೋಗುವ ಹೆಂಗಸರ ತಲೆಗೆ ಗಟ್ಟಿ ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಸುತ್ತಿ, ಬೀಸಣಿಗೆಯಂತೆ ಅರಳಿಸಿ ನಿಲ್ಲಿಸುವುದು ಸುಲಭವಲ್ಲ. ವರ್ಷ ಕಳೆಯುವುದರೊಳಗೆ ಇಬಾದಾನಿನ ದೊಡ್ಡ ಮನೆಯ ಹೆಂಗಸರು ಶನಿವಾರ ಬಂತೆಂದರೆ ಅವಳನ್ನೇ ಹುಡುಕಿಕೊಂಡು ಬರತೊಡಗಿದರು. ಕಪ್ಪು ಗೆರೆಯ ಉಗುರಿಗೆ ಅವಳು ಯಾವತ್ತೂ ಬಣ್ಣ ಹಚ್ಚಲಿಲ್ಲ.

ಹನ್ನೆರಡು ವರ್ಷದ ಮೇಲೆ ಒಂದು ದಿನ ಅತ್ತೆಯ ಮಗಳು ಬೊಲಾತಿಟೊ ಫೋನ್ ಮಾಡಿದಳು.

"ದುರೊ ಅಕ್ಕಾ, ಅಮ್ಮನಿಗೆ ಎಪ್ಪತ್ತೈದು ತುಂಬ್ತಿದೆ. ದೊಡ್ಡ ಔತಣ. ನೀನೇ ಬಂದು ಗೆಲೆ ಕಟ್ಟಬೇಕಂತೆ."

"ಯಾರಂದಿದ್ದು?"

"ಅಮ್ಮನೇ. ಬೇರೆ ಯಾರ ಕೈಗೂ ತಲೆ ಕೊಡಲ್ಲ ಅಂತ ಹಟ ಹಿಡಿದು ಕೂತಿದ್ದಾಳೆ."

"ಮನೆತನದ ಬಟ್ಟೆ ನನಗೂ ಕಳಿಸ್ತಾಳಂತಾ?"

ಬೊಲಾತಿಟೊ ತಡವರಿಸಿದಳು. ಔತಣದ ದಿನ ಮನೆಯವರೆಲ್ಲ ಒಂದೇ ಥಾನಿನ ಬಟ್ಟೆ ಹೊಲಿಸಿಕೊಂಡು ಬರುತ್ತಾರೆ. ಆ ಬಟ್ಟೆ ಯಾರ ಮೈಮೇಲಿಲ್ಲವೋ ಅವರು ಮನೆಯವರಲ್ಲ ಎಂದೇ ಲೆಕ್ಕ. "ಅದು… ಬಟ್ಟೆ ಮುಗಿದುಹೋಯ್ತು ಅಕ್ಕಾ."

ಬಟ್ಟೆ ಅಂಗಡಿಯ ಒಡತಿಯ ಮನೆಯಲ್ಲಿ ಬಟ್ಟೆ ಮುಗಿದುಹೋಯಿತಂತೆ! ದುರೊಸಿನ್ಮಿಗೆ ಮೈಯೆಲ್ಲ ಉರಿಯಿತು. ಆದರೂ "ಬರ್ತೀನಿ ಬಿಡು" ಎಂದಳು. ಫೋನ್ ಇಡುವ ಮೊದಲೇ ಅವಳ ತಲೆಯಲ್ಲಿ ಹಂಚಿಕೆ ಸಿದ್ಧವಾಗಿತ್ತು. ಗೆಲೆಯನ್ನು ನೋಡಲು ಭರ್ಜರಿಯಾಗಿ ಕಟ್ಟುವುದು, ಆದರೆ ಹಿಂದುಗಡೆಯ ಪಿನ್ನುಗಳನ್ನು ಚುಚ್ಚದೆ ಬಿಡುವುದು. ಮುದುಕಿ ಕುಣಿಯಲು ಎದ್ದಾಗ ಗೆಲೆ ಕಳಚಿ ಎಲ್ಲರೆದುರಿಗೆ ಉರುಳಬೇಕು. ಮಾರುಕಟ್ಟೆಯ ಹೆಂಗಸರಿಗೆಲ್ಲ ಮುಖಂಡೆಯಾಗಿ ಮೆರೆಯುವ ಅತ್ತೆಯ ಬರಿ ತಲೆಯನ್ನು ಇಡೀ ಊರು ನೋಡಬೇಕು.

ಔತಣದ ಬೆಳಿಗ್ಗೆ ಅವಳು ಹಳದಿ ಬಟ್ಟೆ ಉಟ್ಟು ಹೋದಳು. ಮನೆ ತುಂಬ ಮನೆತನದ ಬಟ್ಟೆ, ದಾಳಿಂಬೆ ಬಣ್ಣದ ಲೇಸು, ಓಡಾಡುತ್ತಿತ್ತು. ಹಿತ್ತಲಲ್ಲಿ ಸೌದೆ ಒಲೆಯ ಮೇಲೆ ಜಲೋಫ್ ಅನ್ನದ ಹಂಡೆ ಕುದಿಯುತ್ತಿತ್ತು. ಒಳಕೋಣೆಯಲ್ಲಿ ಅತ್ತೆ ಕನ್ನಡಿಯ ಮುಂದೆ ಒಬ್ಬಳೇ ಕೂತಿದ್ದಳು. ಬಡಕಲಾಗಿದ್ದಳು. ಕೈಗೆ ಮೊಣಕೈವರೆಗೆ ಲೇಸಿನ ಗವಸು.

ದುರೊಸಿನ್ಮಿ ಮಂಡಿಯೂರಿ ನಮಸ್ಕರಿಸಿದಳು. ಸಿಟ್ಟು ಎಷ್ಟೇ ಇರಲಿ, ಮಂಡಿ ತಾನಾಗಿಯೇ ಬಾಗುತ್ತದೆ, ಹಾಗೆ ಬೆಳೆಸಿರುತ್ತಾರೆ ನಮ್ಮನ್ನು.

"ಏನೇ, ಇನ್ನೂ ಬದುಕಿದ್ದೀಯಾ?" ಎಂದಳು ಅತ್ತೆ, ಕನ್ನಡಿಯಿಂದ ಕಣ್ಣು ತೆಗೆಯದೆ.

"ನಿಮ್ಮನ್ನ ಮಣ್ಣು ಮಾಡೋ ಕೆಲಸ ಬಾಕಿ ಇದೆಯಲ್ಲ ಅತ್ತೆ."

"ಹೆಸರಿಟ್ಟೋಳು ನಾನೇ ಕಣೇ, ನನಗೇ ಹೇಳ್ಕೊಡ್ಬೇಡ. ಬಾಗಿಲು ಹಾಕು."

ಬಾಗಿಲು ಹಾಕಿದ ಮೇಲೆ ಅತ್ತೆ ತಲೆಯ ಮೇಲಿನ ವಸ್ತ್ರ ತೆಗೆದಳು. ಕೂದಲು ತೀರ ತೆಳ್ಳಗಾಗಿ, ಅಲ್ಲಲ್ಲಿ ಬುರುಡೆ ಕಾಣುತ್ತಿತ್ತು. ದುರೊಸಿನ್ಮಿಗೆ ಏನೋ ಅನುಮಾನ ಬಂತು, ಆದರೆ ವಯಸ್ಸಾಯಿತಲ್ಲ ಎಂದು ಸುಮ್ಮನಾದಳು. ಬಟ್ಟೆಯ ಅಂಚನ್ನು ಹಣೆಗೆ ಹಿಡಿದು ಮೊದಲ ಸುತ್ತು ಸುತ್ತಿದಳು. ನೆರಿಗೆ ಹಿಡಿಯುವಾಗ ಒಂದು ತುದಿಯನ್ನು ಕಟ್ಟಿಸಿಕೊಳ್ಳುವವರೇ ಬಿಗಿಯಾಗಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ನೆರಿಗೆ ನಿಲ್ಲುವುದಿಲ್ಲ. ಅತ್ತೆ ಹಿಡಿದಳು. ಲೇಸಿನ ಗವಸಿನಿಂದ ಬಟ್ಟೆ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು.

"ಗವಸು ತೆಗೀರಿ ಅತ್ತೆ."

"ಬೇಡ. ಹಾಗೇ ಕಟ್ಟು."

"ಹಾಗೇ ಕಟ್ಟಿದ್ರೆ ಬಾಗಿಲು ದಾಟೋ ಮುಂಚೇನೇ ಬಿದ್ದುಹೋಗುತ್ತೆ. ಆಮೇಲೆ ನನ್ನ ಹೆಸರು ಕೆಡುತ್ತೆ."

"ಎಲಾ ಇವಳ! ಹೇಳಿದಷ್ಟು ಮಾಡು."

"ಬೇರೆಯವರನ್ನ ಕರೀತೀನಿ ಹಾಗಾದ್ರೆ. ಬೊಲಾತಿಟೊ!"

"ಕೂಗ್ಬೇಡ್ವೇ!" ಅತ್ತೆ ಹಲ್ಲು ಕಚ್ಚಿ ಬಲಗೈಯ ಗವಸು ಎಳೆದು ಬಿಸಾಕಿ ಬಟ್ಟೆಯ ತುದಿ ಹಿಡಿದಳು.

ದುರೊಸಿನ್ಮಿಯ ಕೈ ಅಲ್ಲೇ ನಿಂತಿತು. ಐದೂ ಉಗುರಿನ ಮೇಲೆ ಬುಡದಿಂದ ತುದಿಯವರೆಗೆ ಕಪ್ಪು ಗೆರೆ. ತನ್ನದೇ ಕೈ ಮುದಿಯಾಗಿ ಬಂದು ಎದುರಿಗೆ ಕೂತಂತಿತ್ತು. ಅವಳ ಒಳಗೊಳಗೇ ಏನೋ ಕುಣಿಯಿತು. ಸುಳ್ಳು ಹೇಳುವುದೇಕೆ, ಅದು ಖುಷಿಯೇ.

"ಯಾವಾಗಿಂದ ಅತ್ತೆ?"

"ಏನು ಯಾವಾಗಿಂದ? ಗೋರಂಟಿ ಹಚ್ಚಿದ್ದೆ."

"ಗೋರಂಟಿ ಗೆರೆ ಗೆರೆಯಾಗಿ ಹತ್ತುತ್ತಾ? ಯಾರಿಗೆ ಹೇಳ್ತೀರಿ ಈ ಕಥೇನ?"

ಅತ್ತೆ ಬಟ್ಟೆಯ ತುದಿ ಬಿಟ್ಟು ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು. ಹಿತ್ತಲಲ್ಲಿ ಯಾರೋ ಹಂಡೆಯ ತಳ ಕೆರೆಯುತ್ತಿದ್ದರು. "ರಕ್ತ ಗಂಜಿ ಥರ ಗಟ್ಟಿಯಾಗ್ತಿದೆಯಂತೆ," ಎಂದಳು ಕೊನೆಗೆ. "ಅದೂ ಒಂಥರಾ ಕ್ಯಾನ್ಸರೇ ಅಂದ ಡಾಕ್ಟರು. ಲಾಗೋಸಿಗೆ ಹೋಗಿ ತೋರಿಸ್ದೆ, ಇಲ್ಲಿ ಯಾರಿಗೂ ಗೊತ್ತಾಗ್ಬಾರ್ದು ಅಂತ. ಬೊಲಾತಿಟೊಗೂ ಹೇಳಿಲ್ಲ. ಏನು ಕೊಟ್ಟ ಗೊತ್ತಾ ಆ ಪುಣ್ಯಾತ್ಮ? ನಿನ್ನದೇ ಮಾತ್ರೆ ಕಣೇ. ಡಬ್ಬಿ ನೋಡ್ತಿದ್ದ ಹಾಗೇ ಗುರುತು ಹಿಡಿದೆ."

"ಅದಕ್ಕೇ ನನ್ನನ್ನ ಕರೆಸಿದ್ದು."

"ಹೊರಗಿನೋರು ನೋಡಿದ್ರೆ ಊರೆಲ್ಲ ಸಾರ್ತಾರೆ. ನೀನು ಮನೆಯೋಳು."

ಮನೆಯವಳು! ಬಟ್ಟೆ ಮುಗಿದುಹೋದ ಮನೆಯವಳು! ದುರೊಸಿನ್ಮಿಗೆ ನಗು ಬಂತು, ನಗಲಾರದಷ್ಟು ಸಿಟ್ಟೂ ಬಂತು. "ದಿನಾ ತಗೋತೀರಾ?"

"ನಿಲ್ಲಿಸಿಬಿಟ್ಟೆ. ಉಗುರು ಹೀಗಾಯ್ತು, ಕೂದಲು ಉದುರ್ತು. ಸಾಕು ಅನ್ನಿಸ್ತು. ನಿಲ್ಲಿಸಿದ್ರೆ ಮೆದುಳಲ್ಲಿ ರಕ್ತ ಹೆಪ್ಪುಗಟ್ಟಬಹುದು ಅಂದ ಡಾಕ್ಟರು. ಹೆಪ್ಪುಗಟ್ಲಿ. ಜನ ಬಾಯಿಗೆ ಬಂದಂಗೆ ಆಡಿಕೊಳ್ಳೋದಕ್ಕಿಂತ ಮಾನವಾಗಿ ಸಾಯೋದು ವಾಸಿ."

ಈಗ ನೋಡಿ, ದುರೊಸಿನ್ಮಿಗೆ ನೆತ್ತಿಗೇರಿದ್ದು ಆ ಮಾತಿಗೆ. ಹನ್ನೆರಡು ವರ್ಷ ಅವಳು ದಿನ ಬೆಳಗಾದರೆ ಹಲ್ಲು ಕಚ್ಚಿಕೊಂಡು ಬದುಕಿದ್ದು ಯಾಕೆ? ಈ ಮುದುಕಿ ದಾಳಿಂಬೆ ಬಣ್ಣದ ಲೇಸಿನಲ್ಲಿ, ಎಲ್ಲರ ಹೊಗಳಿಕೆ ಕೇಳಿಕೊಂಡು, ಒಂದು ತಪ್ಪನ್ನೂ ಒಪ್ಪದೆ, ಮಾನವಾಗಿ ಹೋಗಿಬಿಡಲಿ ಎಂದೇ?

"ಹಾಗೆಲ್ಲ ಸಾಯೋಕೆ ಬಿಡಲ್ಲ ನಿಮ್ಮನ್ನ," ಎಂದಳು. "ಕೇಳಿ ಇಲ್ಲಿ. ಇವತ್ತು ಅಡೆಗೋಕೆಯ ಅಮ್ಮ ಬರ್ತಿದ್ದಾರಾ?"

"ಬರ್ತಾಳೆ. ಒಂದೇ ಚರ್ಚಿನೋರು."

"ಆಯ್ತು. ಮೈಕ್ ಕೈಗೆ ಬಂದಾಗ ಗವಸು ತೆಗೆದು ಕೈ ತೋರಿಸಿ, 'ಅವತ್ತು ನಾನು ಹೇಳಿದ್ದು ಸುಳ್ಳು' ಅಂತ ನಿಮ್ಮ ಬಾಯಿಂದಲೇ ಹೇಳಿ. ಇಲ್ಲಾಂದ್ರೆ ನಾನು ತೋರಿಸ್ತೀನಿ, ನೀವು ನನ್ನ ಕೈ ಎತ್ತಿ ತೋರಿಸಿದ ಹಾಗೇ."

ಅತ್ತೆ ಕನ್ನಡಿಯಲ್ಲಿ ಅವಳನ್ನು ದಿಟ್ಟಿಸಿದಳು. "ನೋಡೋಣ. ಮೊದಲು ಕಟ್ಟು."

ದುರೊಸಿನ್ಮಿ ಕಟ್ಟಿದಳು. ಎಲ್ಲ ಪಿನ್ನುಗಳನ್ನೂ ಚುಚ್ಚಿದಳು, ಒಂದನ್ನೂ ಬಿಡಲಿಲ್ಲ. ಗೆಲೆ ಬೀಳಿಸುವುದು ಈಗ ಅವಳಿಗೆ ಮಕ್ಕಳಾಟವಾಗಿ ಕಂಡಿತು. ಮುದುಕಿ ಈವತ್ತು ತಲೆಯೆತ್ತಿ ನಿಂತೇ ಅನುಭವಿಸಲಿ.

ಔತಣದ ಮಂಟಪ ಕಿಕ್ಕಿರಿದಿತ್ತು. ಹಾಡುಗಾರ ಬಂದವರ ಹೆಸರು ಹಿಡಿದು ಹಿಡಿದು ಹಾಡುತ್ತಿದ್ದ, ಹಾಡಿಸಿಕೊಂಡವರು ಅವನ ಹಣೆಗೆ ನೋಟು ಅಂಟಿಸುತ್ತಿದ್ದರು. ಅವನ ಬಾಯಿಗೆ ಬಿದ್ದ ಹೆಸರು ಮುಂದಿನ ಶನಿವಾರ ಇಬಾದಾನಿನ ಎಲ್ಲ ಔತಣಗಳಲ್ಲೂ ಕೇಳಿಸುತ್ತದೆ. ದಾಳಿಂಬೆ ಬಣ್ಣದ ಸಮುದ್ರದಲ್ಲಿ ದುರೊಸಿನ್ಮಿಯೊಬ್ಬಳೇ ಹಳದಿಯಾಗಿ ಕೂತಿದ್ದಳು. ಮುಂದಿನ ಸಾಲಿನಲ್ಲಿ ಅಡೆಗೋಕೆಯ ಅಮ್ಮ ಮಾಂಸದ ತುಂಡು ಅಗಿಯುತ್ತಿದ್ದಳು.

ಅತ್ತೆಯ ಕೈಗೆ ಮೈಕ್ ಬಂತು. ದೇವರಿಗೆ ವಂದಿಸಿದಳು, ಪಾದ್ರಿಗೆ ವಂದಿಸಿದಳು, ಮಾರುಕಟ್ಟೆಯ ಹೆಂಗಸರಿಗೆ ವಂದಿಸಿದಳು. "ನನ್ನ ಬಾಯಿಂದ ಯಾವತ್ತೂ ಸುಳ್ಳು ಬಂದಿಲ್ಲ, ದೇವರೇ ಸಾಕ್ಷಿ," ಎಂದಳು. ಮೈಕನ್ನು ಪಕ್ಕಕ್ಕಿಟ್ಟಳು. ಗವಸು ಕೈಯಲ್ಲೇ ಇತ್ತು.

ದುರೊಸಿನ್ಮಿ ಎದ್ದಳು. ಮನೆಯ ಕಿರಿಯರು ಒಬ್ಬೊಬ್ಬರಾಗಿ ಮಂಡಿಯೂರಿ ಆಶೀರ್ವಾದ ಪಡೆಯುತ್ತಿದ್ದ ಸಾಲಿನ ಕೊನೆಗೆ ನಿಂತಳು. ಸರದಿ ಬಂದಾಗ ಮಂಡಿಯೂರಿದಳು. ಇಷ್ಟು ಜನರೆದುರು ಮಂಡಿಯೂರಿದವಳ ತಲೆ ಮುಟ್ಟದೆ ಇರಲು ಯಾವ ಹಿರಿಯರಿಗೂ ಆಗುವುದಿಲ್ಲ. ಅತ್ತೆ ಮುಟ್ಟಿದಳು. ದುರೊಸಿನ್ಮಿ ಆ ಕೈಯನ್ನು ಗಬಕ್ಕನೆ ಹಿಡಿದು, ಗವಸನ್ನು ಸರ್ರನೆ ಎಳೆದು, ಎದ್ದುನಿಂತು ತನ್ನ ಕೈಯ ಪಕ್ಕದಲ್ಲೇ ಮೇಲಕ್ಕೆತ್ತಿದಳು. ಇನ್ನೊಂದು ಕೈಯಲ್ಲಿ ಮೈಕ್ ಎತ್ತಿಕೊಂಡಳು.

"ಉಗುರು ನೋಡಿ!"

ಡೋಲು ನಿಂತಿತು.

"ಇದು ನನ್ನ ಕೈ, ಇದು ಅತ್ತೆಯ ಕೈ. ಇಬ್ಬರದ್ದೂ ಒಂದೇ ಮಾತ್ರೆ. ಹನ್ನೆರಡು ವರ್ಷದ ಹಿಂದೆ ಈ ಗೆರೆ ತೋರಿಸಿ ನನ್ನ ಮದುವೆ ಮುರಿದ್ರು. ನನಗೆ ಅವತ್ತೂ ಕ್ಯಾನ್ಸರ್ ಇರಲಿಲ್ಲ, ಇವತ್ತೂ ಇಲ್ಲ. ಅವರಿಗೆ ಗೊತ್ತಿತ್ತು."

ಅಡೆಗೋಕೆಯ ಅಮ್ಮ ತಟ್ಟೆ ಬಿಟ್ಟು ಎದ್ದು ಬಂದಳು. ಕನ್ನಡಕ ಏರಿಸಿ ಒಂದು ಕೈ ನೋಡಿದಳು, ಇನ್ನೊಂದು ಕೈ ನೋಡಿದಳು. "ಮೊರೆನಿಕೆ," ಎಂದಳು, "ನನ್ನ ಮಗನ ಬಾಳು ಹಾಳು ಮಾಡಿದೆಯಲ್ಲೇ. ಆಮೇಲೆ ಕಟ್ಟಿಕೊಂಡವಳ ಜೊತೆ ಅವನು ಒಂದು ದಿನ ನೆಮ್ಮದಿಯಿಂದ ಉಂಡಿಲ್ಲ."

ಮಂಟಪ ಗುಜುಗುಜು ಎಂದಿತು. ದುರೊಸಿನ್ಮಿಯ ಹೊಟ್ಟೆ ಇನ್ನೇನು ತಣ್ಣಗಾಗಬೇಕು, ಅಷ್ಟರಲ್ಲಿ ಮುದುಕಿ ಮೈಕನ್ನು ಕಸಿದುಕೊಂಡಳು. ಕಣ್ಣಲ್ಲಿ ಎಲ್ಲಿಂದಲೋ ನೀರು ಬಂದುಬಿಟ್ಟಿತ್ತು.

"ಹೌದು ಜನರೇ! ದೇವರು ನನ್ನನ್ನ ಪರೀಕ್ಷೆ ಮಾಡ್ತಿದ್ದಾನೆ! ರೋಗದ ಬಾಯೊಳಗಿಂದ ನಿಮ್ಮೆದುರು ನಿಂತು ಮಾತಾಡ್ತಿದ್ದೀನಿ! ಇದು ಪವಾಡ ಅಲ್ವಾ?"

"ಆಮೆನ್!" ಎಂದರು ಯಾರೋ. "ಆಮೆನ್!" ಎಂದರು ಇನ್ನೂ ನಾಲ್ಕು ಜನ. ಪಾದ್ರಿ ಕಣ್ಣು ಮುಚ್ಚಿದರು. ಹೆಂಗಸರು ಕಣ್ಣೊರೆಸಿಕೊಳ್ಳತೊಡಗಿದರು. ಅಯ್ಯೋ, ನಮ್ಮ ಊರಿನ ಕಥೆಯೇ ಇಷ್ಟು. ಕಳ್ಳ ಸಿಕ್ಕಿಬಿದ್ದರೂ ಅದನ್ನೂ ದೇವರ ಮಹಿಮೆಗೆ ಸಾಕ್ಷಿ ಹೇಳುವ ಪ್ರವಚನ ಮಾಡಿಬಿಡುತ್ತಾನೆ. ಹನ್ನೆರಡು ವರ್ಷದ ಸೇಡು ಕಣ್ಣೆದುರೇ ಭಜನೆಯಾಗಿ ಹೋಗುತ್ತಿತ್ತು. ಅತ್ತೆ ಕಣ್ಣೀರಿನ ಸಂದಿಯಿಂದ ಸೊಸೆಯನ್ನು ನೋಡಿದ ನೋಟದಲ್ಲಿ, ನನ್ನ ಹತ್ತಿರ ಆಡ್ತೀಯಾ, ಎಂಬ ಮಾತಿತ್ತು.

ದುರೊಸಿನ್ಮಿಯ ಕೈ ತಾನಾಗಿ ಹರಿದ ಕಿವಿಯನ್ನು ಮುಟ್ಟಿಕೊಂಡಿತು. ಆಗ ಹೊಳೆಯಿತು ಅವಳಿಗೆ. ನಗುನಗುತ್ತಾ ಮತ್ತೆ ಮೈಕ್ ತೆಗೆದುಕೊಂಡಳು.

"ಅಂಥ ಪವಾಡ ನಿಲ್ಲಬೇಕಲ್ಲ ಜನರೇ! ನಮ್ಮ ಅತ್ತೆ ಮಾತ್ರೆ ಬಿಟ್ಟುಬಿಟ್ಟಿದ್ದಾರೆ. ಮಾನವಾಗಿ ಸಾಯ್ತಾರಂತೆ. ಹೋಗ್ತೀನಿ ಹೋಗ್ತೀನಿ ಅಂತ ಮನೆಯೋರನ್ನ ಗೋಳುಹೊಯ್ದುಕೊಳ್ಳೋರಿಗೆ ನಮ್ಮನೇಲಿ ಏನು ಮಾಡ್ತಾರೆ? ಕಿವಿ ಕೊಯ್ತಾರೆ. ಅವರ ಕಿವಿ ನಾನು ಕೊಯ್ಯಲ್ಲ. ಆಮೇಲೆ? ಹೆಸರಿಡ್ತಾರೆ! ನನಗೆ ಅವರಿಟ್ರು, ಅವರಿಗೆ ನಾನಿಡ್ತೀನಿ." ಅವಳು ಅತ್ತೆಯ ಮುಂದೆ ಕೈಮುಗಿದು ನಿಂತಳು, ಕೂಸಿನ ಮುಂದೆ ನಿಲ್ಲುವ ಹಾಗೆ. "ಇವತ್ತಿಂದ ಈ ಮಗುವಿನ ಹೆಸರು ಮಲೊಮೊ!"

ಮತ್ತೆ ಹೋಗಬೇಡ, ಎಂಬ ಹೆಸರದು. ಮೊಲೆ ಕುಡಿಯುವ ಅಬಿಕುಗಳಿಗೆ ಇಡುವುದು. ಎಪ್ಪತ್ತೈದರ ಮುಖಂಡೆಗೆ!

ಮೊದಲು ನಕ್ಕವಳು ಮೂಲೆಯಲ್ಲಿದ್ದ ಒಬ್ಬ ಮೆಣಸಿನಕಾಯಿ ಮಾರುವ ಅಜ್ಜಿ. ಆಮೇಲೆ ಅವಳ ಪಕ್ಕದವಳು. ಆಮೇಲೆ ಮಾರುಕಟ್ಟೆಯ ಹೆಂಗಸರೆಲ್ಲ, ಇಷ್ಟು ವರ್ಷ ಆ ನಾಲಿಗೆಯಿಂದ ಬೈಸಿಕೊಂಡವರೆಲ್ಲ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಪಾದ್ರಿಯ ಆಮೆನ್ ಆ ನಗುವಿನಲ್ಲಿ ಎಲ್ಲಿ ಹೋಯಿತೋ. ಹಾಡುಗಾರ ಹೆಸರಿನಿಂದಲೇ ಹೊಟ್ಟೆ ಹೊರೆಯುವವನು, ಬಿಡುತ್ತಾನೆಯೇ? "ಮಲೊಮೊ ಓ, ಹೋಗಬೇಡ ಮಲೊಮೊ" ಎಂದು ಎತ್ತಿಕೊಂಡ. ಡೋಲು ಅದನ್ನೇ ಹಿಡಿಯಿತು. ಜನ ಎದ್ದು ಕುಣಿಯುತ್ತಾ ಬಂದು, "ಮಾತ್ರೆ ತಗೋ ಮಲೊಮೊ," ಎನ್ನುತ್ತಾ ಮುದುಕಿಯ ಹಣೆಗೆ ನೋಟು ಅಂಟಿಸಿದರು. ಬೊಲಾತಿಟೊ ಅಳುತ್ತಾ ಅಮ್ಮನ ಕಪ್ಪು ಉಗುರುಗಳನ್ನು ತಿಕ್ಕುತ್ತಿದ್ದಳು. ಅತ್ತೆ ನಡುವೆ ನಿಂತು, ಇನ್ನೊಂದು ಕೈಯಿಂದ ಹಣೆಯ ನೋಟುಗಳನ್ನು ಕಿತ್ತು ಹಾಕುತ್ತಿದ್ದಳು. ಗೆಲೆ ಮಾತ್ರ ಒಂದಿಷ್ಟೂ ಅಲುಗಲಿಲ್ಲ.

ಮುಂದಿನ ತಿಂಗಳು ರಕ್ತ ಪರೀಕ್ಷೆಯ ದಿನ ದುರೊಸಿನ್ಮಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಬಾಗಿಲಲ್ಲಿ ಬೊಲಾತಿಟೊ ಕಾಣಿಸಿದಳು, ಅವಳ ತೋಳು ಹಿಡಿದುಕೊಂಡು ಅತ್ತೆ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲವಲ್ಲ, ಲಾಗೋಸಿನವರೆಗೆ ಯಾಕೆ ಅಲೆಯಬೇಕು? ಅತ್ತೆ ದೂರದ ತುದಿಯಲ್ಲಿ ಕೂತು ಮುಖ ಆ ಕಡೆ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ನರ್ಸ್ ಬಂದು, "ಶ್ರೀಮತಿ ಮೊರೆನಿಕೆ" ಎಂದು ಕೂಗಿದಳು. ಅತ್ತೆ ಅಲುಗಲಿಲ್ಲ. ಕೇಳಿಸಲಿಲ್ಲವೋ, ಬೇಕೆಂದೇ ಕೂತಳೋ. ನರ್ಸ್ ಎರಡನೇ ಸಲ ಕೂಗಿದಳು.

"ಮಲೊಮೊ!" ಎಂದು ಕರೆದಳು ದುರೊಸಿನ್ಮಿ, ಬೆಂಚಿನ ಈ ತುದಿಯಿಂದ.

"ಓ," ಎಂದಳು ಮುದುಕಿ, ಥಟ್ಟನೆ ತಿರುಗಿ. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಕಾಯುತ್ತಿದ್ದವರಲ್ಲಿ ಇಬ್ಬರು ಕಿಸಕ್ಕನೆ ನಕ್ಕರು.

"ಬೆಳಿಗ್ಗೆ ಮಾತ್ರೆ ನುಂಗಿದ್ರಾ?"

"ನುಂಗ್ದೆ."

"ದಿನಾ ನುಂಗ್ತಿದ್ದೀರಾ?"

"ದಿನಾ ನುಂಗ್ತೀನಿ ಕಣೇ, ಪಿಶಾಚಿ! ನಾಲಿಗೆ ಮೇಲೆ ಇಟ್ಕೊಂಡು, ನಿನ್ನ ಹೆಸರು ಹಿಡಿದು ಬೈದು, ಆಮೇಲೆ ನುಂಗ್ತೀನಿ. ನಿನ್ನ ಕೈಯಲ್ಲಿ ಮಣ್ಣಾಗೋಕೆ ನಾನು ಸಿದ್ಧ ಇಲ್ಲ."

ದುರೊಸಿನ್ಮಿ ಅವಳನ್ನು ದಿಟ್ಟಿಸಿ ನೋಡಿದಳು. ಮೈಮೇಲೆ ಸ್ವಲ್ಪ ಮಾಂಸ ಬಂದಿತ್ತು, ಕಣ್ಣಲ್ಲಿ ಹಳೆಯ ಕಿಡಿ ಬಂದಿತ್ತು.

"ಹಾಗೇ ಬೈತಾ ಇರಿ ಅತ್ತೆ," ಎಂದಳು. "ಹೋಗಿ, ನರ್ಸ್ ಕಾಯ್ತಿದ್ದಾಳೆ."